ಎಳ್ಳೆಣ್ಣೆ, ಎಲೆ ಅಡಿಕೆ, ಕಾಫಿ ಮತ್ತು ನಾಲ್ಕು ಸೆಕೆಂಡು

ಹೋದ ಸಲ ಮರಿಯಮ್ಮನಹಳ್ಳಿಗೆ ಹೋಗಿದ್ದಾಗ ಬೆಳಗ್ಗೆ ಐದೂವರೆಗೇ ಎಚ್ಚರ ಆಗಿಬಿಟ್ಟಿತು. ಹೈವೇ ಪಕ್ಕದ ಊರು ನೋಡಿ, ಲಾರಿಗಳು ಮಲಗೋಕೆ ಬಿಡೋದಿಲ್ಲ. ಹೇಗೂ ಎದ್ದಾಯ್ತಲ್ಲ ಅಂತ ಚಾ ಅಂಗಡಿ ಕಡೆ ಹೊರಟೆ. ಅಲ್ಲಿ ಒಬ್ಬ ಹುಡುಗ ಬೆವರಿನಲ್ಲಿ ತೊಯ್ದು, ಸೊಂಟದ ಮೇಲೆ ಕೈಯಿಟ್ಟುಕೊಂಡು ಏದುಸಿರು ಬಿಡ್ತಾ ನಿಂತಿದ್ದ. ನಮ್ಮ ಓಣಿಯವನೇ. ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ತಯಾರಿ ನಡೆಸಿದ್ದಾನೆ. 1600 ಮೀಟರ್ ದೂರವನ್ನ ಆರೂವರೆ ನಿಮಿಷದೊಳಗೆ ಓಡಬೇಕು. ಹಿಂದಿನ ಸಲ ನಾಲ್ಕೇ ನಾಲ್ಕು ಸೆಕೆಂಡಿನಲ್ಲಿ ಹೋಗಿಬಿಟ್ಟಿತ್ತು. ಮನೆಯಲ್ಲಿ ಅವನ ಮೇಲೆ ಆಸೆ ಇಟ್ಕೊಂಡು ಕೂತವರು ಮೂರು ಜನ. ವಯಸ್ಸಿನ ಮಿತಿ ಬೇರೆ ಹತ್ತಿರ ಬರ್ತಾ ಇದೆ.

ಚಾ ಕುಡೀತಾ ಕೇಳಿದ, "ಕಾಕಾ, ಓಡೋಕಿಂತ ಮೊದ್ಲು ಕಾಫಿ ಕುಡಿದ್ರ ಸ್ಪೀಡ್ ಬರ್ತೈತಂತ. ಖರೇ ಏನು?"

ಹಿಂದಿನ ಸಲ ಏನು ಕುಡಿದಿದ್ದೆ ಅಂತ ನಾನು ಕೇಳಿದೆ. ಹಿಂದಿನ ರಾತ್ರಿಯೆಲ್ಲ ಬಸ್ಸಿನಲ್ಲಿ ಪ್ರಯಾಣ, ನಿದ್ದೆ ಇಲ್ಲ. ಯಾರೋ ಹೇಳಿದರು ಅಂತ ಬೆಳಗಿನ ಜಾವ ಖಾಲಿ ಹೊಟ್ಟೆಗೆ ಎರಡು ಎನರ್ಜಿ ಡ್ರಿಂಕ್ ಡಬ್ಬಿ, ಅದರ ಮೇಲೆ ಎರಡು ಚಾ. ಆಮೇಲೆ ಮೈದಾನದಲ್ಲಿ ಸಾಲಿನಲ್ಲಿ ಐದು ತಾಸು ಕಾಯೋದು. ಅವನ ಸರದಿ ಬರೋ ಹೊತ್ತಿಗೆ ಎದೆ ಡವಡವ, ಹೊಟ್ಟೆ ಗುಡುಗುಡು, ಕಾಲಿನಲ್ಲಿ ನಡುಕ. "ಸ್ಪೀಡ್ ಎಲ್ಲಾ ಸಾಲಿನ್ಯಾಗ ನಿಂತಾಗ ಬಂತು ಕಾಕಾ, ಓಡೂ ಮುಂದ ಹೋಗಿಬಿಡ್ತು" ಅಂದ. ನಗು ಬಂತು, ಆದರೆ ನಗೋ ವಿಷಯ ಅಲ್ಲ.

ನಾನು ತಕ್ಷಣ ಉತ್ತರ ಕೊಡಲಿಲ್ಲ. ಗೊತ್ತಿದ್ದರೆ ತಾನೇ ಕೊಡೋದು! ವಾಪಸ್ ಬಂದ ಮೇಲೆ ಒಂದಷ್ಟು ಓದಿಕೊಂಡೆ. ಓದ್ತಾ ಓದ್ತಾ ವಿಷಯ ನಮ್ಮ ಹಂಪಿಯಿಂದ ಯೆಮನ್ನಿಗೆ, ಅಲ್ಲಿಂದ ನೀಲಗಿರಿಗೆ, ಕೇಂಬ್ರಿಜ್ಜಿಗೆ, ಸೋಲ್‌ಗೆ ಎಲ್ಲಾ ಹೋಗಿ ಕಡೆಗೆ ಮತ್ತೆ ನಮ್ಮ ತೋರಣಗಲ್ಲಿಗೇ ಬಂತು. ಅದನ್ನೇ ಇಲ್ಲಿ ಬರೀತಿದ್ದೀನಿ.

ಮೈ ದಣಿಸೋಕಿಂತ ಮುಂಚೆ ಏನಾದರೂ ಸೇವಿಸೋ ಅಭ್ಯಾಸ ನಮ್ಮ ಕಡೆ ಹೊಸದೇನಲ್ಲ. ಕೃಷ್ಣದೇವರಾಯನ ಕಾಲದಲ್ಲಿ, ಅಂದರೆ 1520ರ ಸುಮಾರಿಗೆ, ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಡೊಮಿಂಗೊ ಪಾಯೆಸ್ ರಾಜನ ದಿನಚರಿ ಬರೆದಿಟ್ಟಿದ್ದಾನೆ. ರಾಯ ಇನ್ನೂ ಬೆಳಕು ಹರಿಯೋ ಮೊದಲೇ ಎದ್ದು ಮುಕ್ಕಾಲು ಪೈಂಟಿನಷ್ಟು ಎಳ್ಳೆಣ್ಣೆ ಕುಡೀತಿದ್ದನಂತೆ. ಅದೇ ಎಣ್ಣೆಯನ್ನ ಮೈಗೆಲ್ಲ ಹಚ್ಚಿಕೊಂಡು, ಮಣ್ಣಿನಲ್ಲಿ ಮಾಡಿದ ಭಾರಗಳನ್ನ ಎತ್ತಿ, ಕತ್ತಿವರಸೆ ಮಾಡಿ, ಎಣ್ಣೆಯೆಲ್ಲ ಬೆವರಾಗಿ ಇಳಿಯೋವರೆಗೂ ಬಿಡ್ತಿರಲಿಲ್ಲ. ಅದಾದ ಮೇಲೆ ಒಬ್ಬ ಜಟ್ಟಿಯ ಜೊತೆ ಕುಸ್ತಿ. ಅದೂ ಸಾಲದು ಅಂತ ಕುದುರೆ ಹತ್ತಿ ಬಯಲಲ್ಲಿ ಅತ್ತಿಂದಿತ್ತ ಸವಾರಿ. ಇಷ್ಟೂ ಸೂರ್ಯ ಹುಟ್ಟೋದರೊಳಗೆ! ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆ ಕುಸ್ತಿಯವರನ್ನ ನೋಡಿದಾಗಲೆಲ್ಲ ನನಗೆ ಈ ಎಳ್ಳೆಣ್ಣೆ ನೆನಪಾಗುತ್ತೆ. ಇವತ್ತಿನ ಜಿಮ್ ಹುಡುಗರು 'ಪ್ರೀ ವರ್ಕೌಟ್' ಅಂತ ಡಬ್ಬಿ ಹಿಡಿದು ಓಡಾಡ್ತಾರಲ್ಲ, ಅದರ ವಿಜಯನಗರ ಆವೃತ್ತಿ ಇದು :-) ಕೊಬ್ಬು ನಿಧಾನವಾಗಿ ಜೀರ್ಣ ಆಗೋ ಪದಾರ್ಥ. ಕುಡಿದ ಕೂಡಲೇ ಶಕ್ತಿ ಬರೋದಂತೂ ಸಾಧ್ಯ ಇಲ್ಲ. ಆದರೆ ರಾಜ ಕುಡೀತಿದ್ದ, ಕುಸ್ತಿ ಗೆಲ್ತಿದ್ದ (ರಾಜನನ್ನ ಸೋಲಿಸೋಕೆ ಯಾವ ಜಟ್ಟಿಗೆ ಧೈರ್ಯ?), ಅಷ್ಟು ಸಾಕಿತ್ತು.

ಅವನಿಗಿಂತ ಮುಂಚೆ, 1443ರಲ್ಲಿ, ಎರಡನೇ ದೇವರಾಯನ ಕಾಲಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಎಲೆ ಅಡಿಕೆಯನ್ನ ಬಾಯಿ ತುಂಬ ಹೊಗಳಿದ್ದಾನೆ. ಹಸಿವು ಅಡಗಿಸುತ್ತೆ, ಉಲ್ಲಾಸ ತರುತ್ತೆ, ಮದ್ಯದ ಹಾಗೆ ಒಂಥರಾ ಮತ್ತು ಕೊಡುತ್ತೆ ಅಂತ. ರಾಜನ ದೊಡ್ಡ ಅಂತಃಪುರದ ವಿಷಯಕ್ಕೂ ತಾಂಬೂಲಕ್ಕೂ ಅವನು ನಂಟು ಹಾಕಿದ್ದಾನೆ, ಅದು ಬೇರೆ ತರದ ವ್ಯಾಯಾಮ ಬಿಡಿ. ಅಡಿಕೆಯಲ್ಲಿರೋ ಅರಿಕೊಲಿನ್ ನಿಜಕ್ಕೂ ಉತ್ತೇಜಕವೇ. ಆದರೆ ಅಬ್ದುರ್ ರಜಾಕ್‌ಗಾಗಲೀ ಪಾಯೆಸ್‌ಗಾಗಲೀ ಇಲ್ಲಿ ಕಾಫಿ ಕುಡಿಯೋ ಪ್ರಸಂಗ ಬರಲೇ ಇಲ್ಲ. ಹಂಪಿಯಲ್ಲಿ ಕೆಫೀನ್ ಇರಲಿಲ್ಲ.

ಅದೇ ಹದಿನೈದನೇ ಶತಮಾನದ ನಡುವಿನಲ್ಲಿ ಅತ್ತ ಯೆಮನ್ನಿನ ಸೂಫಿಗಳು ರಾತ್ರಿಯಿಡೀ ದೇವರ ನಾಮಸ್ಮರಣೆ ಮಾಡೋಕೆ ಕಾಫಿ ಕುಡಿಯೋದು ಶುರು ಮಾಡಿದ್ದರು. ನಾಲಗೆ ರುಚಿಗಿಂತ ನಿದ್ದೆ ಬರಬಾರದು ಅನ್ನೋದು ಮುಖ್ಯ. ನಮ್ಮೂರು ರಂಗಕಲಾವಿದರ ಊರು, ಪದ್ಮಶ್ರೀ ಮಾತಾ ಮಂಜಮ್ಮ ಜೋಗತಿ ಅವರ ಊರು. ರಾತ್ರಿಯೆಲ್ಲಾ ನಡೆಯೋ ನಾಟಕದ ಮಧ್ಯೆ ಪರದೆ ಹಿಂದೆ ಬಣ್ಣ ಹಚ್ಚಿಕೊಂಡೇ ಚಾ ಕುಡಿಯೋರನ್ನ ನೋಡಿ ಬೆಳೆದವರಿಗೆ ಆ ಸೂಫಿಗಳ ಕಷ್ಟ ಬೇಗ ಅರ್ಥ ಆಗುತ್ತೆ. ಕಾಫಿಗೆ ಮೊದಲ ನಿಷೇಧ ಬಿದ್ದದ್ದೂ ಆಗಲೇ. 1511ರಲ್ಲಿ ಮೆಕ್ಕಾದ ಅಧಿಕಾರಿ ಖೈರ್ ಬೇಗ್ ಕಾಫಿಯನ್ನ ನಿಷೇಧಿಸಿದ. ಆ ವರ್ಷ ಇಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದು ಎರಡು ವರ್ಷ ಆಗಿತ್ತಷ್ಟೇ. ಆ ನಿಷೇಧ ಬಹಳ ದಿನ ಉಳಿಯಲಿಲ್ಲ. ಈ ವಿಷಯ ಮುಂದೆ ಮತ್ತೆ ಬರುತ್ತೆ, ನೆನಪಿಟ್ಟುಕೊಳ್ಳಿ.

ಬಾಬಾ ಬುಡನ್ ಏಳು ಬೀಜ ತಂದ ಕತೆ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಹೇಳಲ್ಲ. ಹದಿನೇಳನೇ ಶತಮಾನ, ಚಂದ್ರದ್ರೋಣ ಪರ್ವತ. ಐತಿಹ್ಯವೇ ಇರಬಹುದು, ಆದರೆ ಕರ್ನಾಟಕಕ್ಕೆ ಕಾಫಿ ಬಂದ ಬಗ್ಗೆ ನಮ್ಮ ಹತ್ತಿರ ಇರೋ ಕತೆ ಅದೇ. ಚಿಕ್ಕಮಗಳೂರು, ಕೊಡಗು ಕಾಫಿ ನಾಡಾದವು. ನಮ್ಮ ಬಳ್ಳಾರಿ ಸೀಮೆ ಮಾತ್ರ ಚಾ ಸೀಮೆಯಾಗೇ ಉಳೀತು. ಒಗ್ಗರಣಿ, ಮಿರ್ಚಿ, ಮೇಲೊಂದು ಚಾ... ಇದರ ಮುಂದೆ ಫಿಲ್ಟರ್ ಕಾಫಿಗೆ ಏನು ಕೆಲಸ? ಗರಡಿ ಮನೆಯ ಹಳೇ ಪೈಲ್ವಾನರು ಮಾತ್ರ ಚಾನ್ನ ಹತ್ತಿರ ಬಿಟ್ಟುಕೊಳ್ತಿರಲಿಲ್ಲ. ಹಾಲು, ತುಪ್ಪ, ಬಾದಾಮಿ ಇವಷ್ಟೇ ಅವರಿಗೆ ಆಹಾರ. ಗಾಂಧೀಜಿ ಕೂಡ 'ಆರೋಗ್ಯದ ಕೀಲಿಕೈ'ಯಲ್ಲಿ ಚಹಾ, ಕಾಫಿ, ಕೋಕೋ ಯಾವುದೂ ದೇಹಕ್ಕೆ ಬೇಕಿಲ್ಲ ಅಂದುಬಿಟ್ಟರು. ಇತ್ತ ಚಹಾ ಮಾರೋ ಸಂಸ್ಥೆಗಳು ಗಿರಣಿ, ಗಣಿ, ಸಂತೆ ಅಂತ ಸುತ್ತಿ ಚಾ ಕುಡಿದರೆ ದಣಿವು ಹೋಗುತ್ತೆ ಅಂತ ಪ್ರಚಾರ ಮಾಡ್ತಿದ್ದವು. ಎರಡು ಕಡೆಯವರಲ್ಲಿ ಯಾರೂ ಅಳೆದು ನೋಡಿರಲಿಲ್ಲ.

ಅಳೆದು ನೋಡಿದವನು ಬೇರೊಬ್ಬ. ನನಗೆ ಈ ಇಡೀ ಕತೆಯಲ್ಲಿ ಇಷ್ಟವಾದ ಮನುಷ್ಯ ಅವನೇ, ಹಾಗಾಗಿ ಸ್ವಲ್ಪ ಉದ್ದ ಹೇಳ್ತೀನಿ.

ಹೆಸರು ಡಬ್ಲ್ಯು. ಎಚ್. ಆರ್. ರಿವರ್ಸ್. ಮಾನವಶಾಸ್ತ್ರ ಓದಿದವರಿಗೆ ಗೊತ್ತಿರೋ ಹೆಸರು. 1901-02ರಲ್ಲಿ ನಮ್ಮ ಗಡಿಯಾಚೆಯ ನೀಲಗಿರಿಗೆ ಬಂದು, ಎಮ್ಮೆ ಸಾಕೋ ತೋಡರ ಜೊತೆ ಇದ್ದು, 1906ರಲ್ಲಿ ಅವರ ಮೇಲೆ ದೊಡ್ಡ ಪುಸ್ತಕ ಬರೆದ. ಆ ಬೆಟ್ಟಗಳಲ್ಲಿ ಆಗಾಗಲೇ ಕಾಫಿ, ಚಹಾ ತೋಟಗಳಿದ್ದವು. ಅದಕ್ಕೂ ಮುಂದಿನ ಪ್ರಯೋಗಕ್ಕೂ ಸಂಬಂಧ ಇದೆ ಅಂತ ನಾನು ಹೇಳ್ತಿಲ್ಲ, ಹಾಗೆ ಊಹಿಸಿಕೊಂಡರೆ ಖುಷಿ ಆಗುತ್ತೆ ಅಷ್ಟೇ. ಆತ ವೈದ್ಯ ಕೂಡ. ಕೇಂಬ್ರಿಜ್‌ಗೆ ವಾಪಸ್ ಹೋದ ಮೇಲೆ ದಣಿವಿನ ಬೆನ್ನು ಹತ್ತಿದ. ಮದ್ಯ, ಕೆಫೀನ್ ಇವೆಲ್ಲ ದಣಿವನ್ನ ನಿಜಕ್ಕೂ ಕಡಿಮೆ ಮಾಡ್ತವಾ, ಅಥವಾ ಹಾಗೆ ಅನ್ಸುತ್ತಾ?

ಇಟಲಿಯ ಆಂಜೆಲೊ ಮೊಸ್ಸೊ ಎಂಬಾತ ಒಂದು ಯಂತ್ರ ಮಾಡಿದ್ದ, ಎರ್ಗೋಗ್ರಾಫ್ ಅಂತ. ಕೈಯನ್ನ ಅಲ್ಲಾಡದ ಹಾಗೆ ಕಟ್ಟಿ, ಒಂದೇ ಬೆರಳಿಗೆ ದಾರದಲ್ಲಿ ತೂಕ ಇಳಿಬಿಡೋದು. ಬೆರಳು ಮಡಚಿ ತೂಕ ಎತ್ತಬೇಕು, ಇಳಿಸಬೇಕು, ಇನ್ನು ಆಗಲ್ಲ ಅನ್ನೋವರೆಗೂ. ಎಷ್ಟು ಎತ್ತರ ಎತ್ತಿದ ಅನ್ನೋದನ್ನ ಯಂತ್ರವೇ ಗೀಚಿಡುತ್ತೆ. ಬೆರಳಿನ ಗರಡಿ ಅನ್ನಿ. ರಿವರ್ಸ್ ತನ್ನ ಮೇಲೇ ಪ್ರಯೋಗ ಮಾಡಿಕೊಂಡ. ಅದಕ್ಕೋಸ್ಕರ ಮದ್ಯ, ತಂಬಾಕು, ಚಹಾ, ಕಾಫಿ, ಕೋಕೋ ಎಲ್ಲಾ ಬಿಟ್ಟ. ಅವನಿಗೆ ಅವೆಲ್ಲ ಇಷ್ಟವಾಗಿದ್ದವು, ಪಾಪ.

ಆದರೆ ಅವನ ನಿಜವಾದ ಜಾಣತನ ಇದಲ್ಲ. ಕಾಫಿ ಕುಡಿದೆ ಅಂತ ಗೊತ್ತಾದ ಕೂಡಲೇ ಮನುಷ್ಯ ಜೋರಾಗಿ ಎತ್ತಬಹುದಲ್ಲ? ಹಾಗಾದರೆ ಎತ್ತಿದ್ದು ಕೆಫೀನೋ, ನಂಬಿಕೆಯೋ? ಅದಕ್ಕೆ ಅವನು ಎರಡು ತರದ ಮಿಶ್ರಣ ಮಾಡಿಸಿದ. ಒಂದರಲ್ಲಿ ಔಷಧಿ ಇದೆ, ಇನ್ನೊಂದರಲ್ಲಿ ಇಲ್ಲ. ರುಚಿಯಲ್ಲಿ ಎರಡೂ ಒಂದೇ. ಕುಡಿಯೋನಿಗೆ ಯಾವುದು ಯಾವುದು ಅಂತ ಗೊತ್ತಾಗಬಾರದು. ಇವತ್ತು ಎಲ್ಲಾ ಔಷಧಿ ಪರೀಕ್ಷೆಗಳಲ್ಲೂ ಇರೋ ಈ ಉಪಾಯವನ್ನ ಅಷ್ಟು ಶ್ರದ್ಧೆಯಿಂದ ಬಳಸಿದ ಮೊದಲಿಗರಲ್ಲಿ ರಿವರ್ಸ್ ಒಬ್ಬ. 1907ರಲ್ಲಿ ಎಚ್. ಎನ್. ವೆಬ್ಬರ್ ಜೊತೆ ಸೇರಿ ಫಲಿತಾಂಶ ಪ್ರಕಟಿಸಿದ: ಇಷ್ಟೆಲ್ಲ ಮುಚ್ಚಿಟ್ಟರೂ ಕೆಫೀನ್ ತಗೊಂಡಾಗ ಸ್ನಾಯುಗಳು ಮಾಡೋ ಕೆಲಸ ಹೆಚ್ಚಾಗುತ್ತೆ. (ಮೊದಲ ಮಹಾಯುದ್ಧದಲ್ಲಿ ಮನಸ್ಸು ಕೆಟ್ಟ ಸೈನಿಕರಿಗೆ, ಕವಿ ಸೀಗ್‌ಫ್ರೀಡ್ ಸಸೂನ್‌ಗೂ, ಚಿಕಿತ್ಸೆ ಮಾಡಿದ ಡಾಕ್ಟರ್ ಇವನೇ. ಒಂದೇ ಜನ್ಮದಲ್ಲಿ ಎಷ್ಟು ಕೆಲಸ!)

ಇಷ್ಟಾದರೂ ಕ್ರೀಡೆಯವರು ಬಹಳ ವರ್ಷ ಇದರ ಕಡೆ ಅಷ್ಟಾಗಿ ಗಮನ ಕೊಡಲಿಲ್ಲ. 1978ರಲ್ಲಿ ಅಮೆರಿಕದ ಡೇವಿಡ್ ಕಾಸ್ಟಿಲ್ ಒಂಬತ್ತು ಸೈಕಲ್ ಸ್ಪರ್ಧಿಗಳಿಗೆ 330 ಮಿ.ಗ್ರಾಂ ಕೆಫೀನ್ ಇರೋ ಕಾಫಿ ಕೊಟ್ಟು, ಸುಸ್ತಾಗಿ ಬೀಳೋವರೆಗೂ ತುಳಿಸಿದ. ಕೆಫೀನ್ ಇಲ್ಲದ ಕಾಫಿ ಕುಡಿದಾಗ ಸರಾಸರಿ 75 ನಿಮಿಷ ಚಿಲ್ಲರೆ, ಇದ್ದ ಕಾಫಿಯಲ್ಲಿ 90 ನಿಮಿಷ. ಇದಾದ ಮೇಲೆ ಎಲ್ಲರ ಕಣ್ಣೂ ಕಾಫಿ ಕಡೆ ತಿರುಗಿತು. ದೇಹ ಕೊಬ್ಬನ್ನ ಉರಿಸಿ ಸಕ್ಕರೆಯನ್ನ ಉಳಿಸುತ್ತೆ, ಅದಕ್ಕೇ ಹೀಗೆ ಅಂತ ಕಾಸ್ಟಿಲ್ ಹೇಳಿದ್ದ. ಆ ವಿವರಣೆ ಈಗ ಹೆಚ್ಚು ನಿಂತಿಲ್ಲ. ಮುಖ್ಯವಾಗಿ ಕೆಫೀನ್ ಕೆಲಸ ಮಾಡೋದು ಮೆದುಳಿನಲ್ಲಿ.

ಅದು ಹೇಗೆ ಅಂದರೆ, ನಮ್ಮ ಹೊಸಪೇಟೆ ಬಸ್‌ಸ್ಟ್ಯಾಂಡನ್ನ ನೆನೆಸಿಕೊಳ್ಳಿ. ನಾವು ದುಡಿದಂತೆಲ್ಲಾ ಅಡಿನೋಸಿನ್ ಅನ್ನೋ ರಾಸಾಯನಿಕ ಹೆಚ್ಚುತ್ತೆ. ಅದು ಮೆದುಳಿನ ಕೋಶಗಳ ಮೇಲಿರೋ ಸೀಟುಗಳಲ್ಲಿ ಕೂತರೆ 'ದಣಿವಾಯ್ತು, ನಿಲ್ಲಿಸು' ಅನ್ನೋ ಭಾವನೆ ಬರುತ್ತೆ. ಕೆಫೀನ್ ನೋಡೋಕೆ ಅದರ ಹಾಗೇ ಇದೆ. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಹಾಗೆ, ಆ ಸೀಟಿನ ಮೇಲೆ ಹೋಗಿ ಬೀಳುತ್ತೆ. ತಾನೂ ಕೂರಲ್ಲ, ಅಡಿನೋಸಿನ್ನನ್ನೂ ಕೂರೋಕೆ ಬಿಡಲ್ಲ. ಪ್ರಯಾಣಿಕರು ಮಾತ್ರ ಕೆಳಗೆ ನಿಂತೇ ಇರ್ತಾರೆ! ಟವೆಲ್ ತೆಗೆದ ಕೂಡಲೇ ಎಲ್ಲರೂ ನುಗ್ಗುತ್ತಾರೆ. ನಮ್ಮ ಹುಡುಗ ರಾತ್ರಿ ನಿದ್ದೆಗೆಟ್ಟು ಬೆಳಗಿನ ಜಾವ ಟವೆಲ್ ಹಾಕಿದ್ದ. ಕೆಫೀನ್ ರಕ್ತದಲ್ಲಿ ತುದಿ ಮುಟ್ಟೋದು ಹೆಚ್ಚೂಕಡಿಮೆ ಒಂದು ತಾಸಿನೊಳಗೆ, ಅರ್ಧಕ್ಕೆ ಇಳಿಯೋಕೆ ಸುಮಾರು ಐದು ತಾಸು. ಅಂದರೆ ಉತ್ತುಂಗದ ಹೊತ್ತಿನಲ್ಲಿ ಅವನು ಸಾಲಿನಲ್ಲಿ ನಿಂತಿದ್ದ.

ಈಗ ಎರಡನೇ ನಿಷೇಧದ ಕತೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಹೊತ್ತಿಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಕೆಫೀನನ್ನ ನಿಷೇಧಿತ ಪಟ್ಟಿಗೆ ಸೇರಿಸಿತು. ಪೂರ್ತಿ ನಿಷೇಧ ಮಾಡಿದರೆ ಊರೆಲ್ಲಾ ಅಪರಾಧಿ ಆಗ್ತಾರಲ್ಲ? ಹಾಗಾಗಿ ಮೂತ್ರದಲ್ಲಿ ಇಷ್ಟಕ್ಕಿಂತ ಹೆಚ್ಚಿರಬಾರದು ಅಂತ ಮಿತಿ ಹಾಕಿತು. ಮಿಲಿಲೀಟರಿಗೆ ಮೊದಲು 15 ಮೈಕ್ರೋಗ್ರಾಂ, ಆಮೇಲೆ 12. 1988ರ ಸೋಲ್ ಒಲಿಂಪಿಕ್ಸಿನಲ್ಲಿ ಆಸ್ಟ್ರೇಲಿಯಾದ ಮಾಡರ್ನ್ ಪೆಂಟಾಥ್ಲಾನ್ ಆಟಗಾರ ಅಲೆಕ್ಸ್ ವಾಟ್ಸನ್ ಇದರಲ್ಲಿ ಸಿಕ್ಕಿಬಿದ್ದು ಅನರ್ಹನಾದ. ನಾನು ಕುಡಿದಿದ್ದು ಬರೀ ಕಾಫಿ ಅಂತ ಅವನ ವಾದ. ಊರಿಗೆ ವಾಪಸ್ ಕಳಿಸಿದರು. ಮುಂದೆ 1992ರ ಬಾರ್ಸಿಲೋನಾದಲ್ಲಿ ಮತ್ತೆ ಆಡಿದ, ಅದೊಂದು ಸಮಾಧಾನ.

ಈ ಮಿತಿಯಲ್ಲಿ ದೊಡ್ಡ ತೂತು ಇತ್ತು. ಕುಡಿದ ಕೆಫೀನಿನಲ್ಲಿ ಹಾಗೇ ಮೂತ್ರಕ್ಕೆ ಬರೋದು ನೂರಕ್ಕೆ ಮೂರು ಭಾಗಕ್ಕಿಂತ ಹೆಚ್ಚಿಲ್ಲ, ಅದೂ ಒಬ್ಬೊಬ್ಬರಲ್ಲಿ ಒಂದೊಂದು ತರ. ಜೊತೆಗೆ ಓಟಕ್ಕೆ ಅನುಕೂಲ ಆಗೋ ಪ್ರಮಾಣ ಈ ಮಿತಿಗಿಂತ ಬಹಳ ಕೆಳಗೇ ಇದೆ. ಅಂದರೆ ಲಾಭ ತಗೊಳ್ಳೋನು ಸಿಕ್ಕಿಬೀಳಲ್ಲ, ಯಾರೋ ಒಬ್ಬ ಕಾಫಿ ಪ್ರಿಯ ಸಿಕ್ಕಿಬೀಳಬಹುದು. ಕಡೆಗೆ 2004ರ ಜನವರಿ 1ರಿಂದ ವಾಡಾ ಕೆಫೀನನ್ನ ನಿಷೇಧದಿಂದ ತೆಗೆದು ನಿಗಾ ಪಟ್ಟಿಗೆ ಹಾಕಿತು. ಆಮೇಲಿನ ಐದು ವರ್ಷಗಳಲ್ಲಿ ಸ್ಪೇನಿನ ಪ್ರಯೋಗಾಲಯ ನೋಡಿದ 20,686 ಮೂತ್ರದ ಮಾದರಿಗಳಲ್ಲಿ ನಾಲ್ಕಕ್ಕೆ ಮೂರರಷ್ಟರಲ್ಲಿ ಕೆಫೀನ್ ಇತ್ತು. ಖೈರ್ ಬೇಗ್‌ನ ಆಜ್ಞೆಯ ಗತಿಯೇ ಇದಕ್ಕೂ ಆಯಿತು. ನಮ್ಮ ಸಂಡೂರು ತಾಲೂಕಿನ ತೋರಣಗಲ್ಲಿನಲ್ಲಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆಯಲ್ಲ, ನೀರಜ್ ಚೋಪ್ರಾ ತರಬೇತಿ ಪಡೆದ ಜಾಗ, ಅಲ್ಲಿನ ಕುಸ್ತಿಯ ಹುಡುಗ ಹುಡುಗಿಯರು ಈಗ ಭಯವಿಲ್ಲದೆ ಕಾಫಿ ಕುಡಿಯಬಹುದು. ಮಹಾನವಮಿ ದಿಬ್ಬದ ಜಟ್ಟಿಗಳಿಂದ ಅಲ್ಲಿಗೆ ಹೆಚ್ಚು ದೂರವೇನಿಲ್ಲ.

ಸರಿ, ಹುಡುಗನ ಪ್ರಶ್ನೆಗೆ ಬರೋಣ. ಅವನ ಓಟಕ್ಕೆ ಸರಿಯಾಗಿ ಹೊಂದೋ ಪ್ರಯೋಗಗಳೇ ಇವೆ. 1992ರಲ್ಲಿ ಬ್ರಿಟನ್ನಿನಲ್ಲಿ ವೈಲ್ಸ್ ಮತ್ತು ಸಂಗಡಿಗರು 3 ಗ್ರಾಂ ಇನ್‌ಸ್ಟಂಟ್ ಕಾಫಿ ಕುಡಿಸಿ 1500 ಮೀಟರ್ ಓಡಿಸಿದಾಗ ಸರಾಸರಿ 4.2 ಸೆಕೆಂಡ್ ಉಳೀತು. 2018ರಲ್ಲಿ ಕ್ಲಾರ್ಕ್ ಮತ್ತು ಸಂಗಡಿಗರು 13 ಓಟಗಾರರಿಗೆ ಒಂದು ಮೈಲಿ, ಅಂದರೆ 1609 ಮೀಟರ್, ಓಡೋಕೆ ಒಂದು ತಾಸು ಮುಂಚೆ ಕಾಫಿ ಕೊಟ್ಟರು. ಕೆಫೀನ್ ಇಲ್ಲದ ಕಾಫಿಗಿಂತ ಸುಮಾರು ನಾಲ್ಕು ಸೆಕೆಂಡ್ ಬೇಗ. ನಾಲ್ಕು ಸೆಕೆಂಡ್! ಓದಿ ಸುಮ್ಮನೆ ಕೂತುಬಿಟ್ಟೆ. ಅವನು ಸೋತಿದ್ದೂ ಅಷ್ಟರಲ್ಲೇ.

ಆದರೆ ಲೆಕ್ಕ ನೋಡಿ. ಕೆಜಿ ತೂಕಕ್ಕೆ 3 ಮಿ.ಗ್ರಾಂ ಅಂದರೆ 60 ಕೆಜಿ ಹುಡುಗನಿಗೆ 180 ಮಿ.ಗ್ರಾಂ ಬೇಕು. ನಮ್ಮ ಅಂಗಡಿಯ ಸಣ್ಣ ಗ್ಲಾಸಿನ ಚಾದಲ್ಲಿ ಇರೋದು ಮೂವತ್ತು ನಲವತ್ತರ ಆಸುಪಾಸು. ಕಾಫಿ ಪುಡಿಯಾದರೆ ಐದು ಗ್ರಾಂಗಿಂತ ಸ್ವಲ್ಪ ಮೇಲೆ, ಅದೂ ಶುದ್ಧ ಕಾಫಿ. ಚಿಕೋರಿ ಬೆರೆಸಿದ್ದರೆ ಅಷ್ಟು ಭಾಗ ದಂಡ, ಚಿಕೋರಿಯಲ್ಲಿ ಕೆಫೀನ್ ಇರೋದೇ ಇಲ್ಲ. ನಮ್ಮ ದೇಶದ ನಿಯಮದ ಪ್ರಕಾರ ಎನರ್ಜಿ ಡ್ರಿಂಕಿನಲ್ಲಿ ಲೀಟರಿಗೆ ಹೆಚ್ಚೆಂದರೆ 300 ಮಿ.ಗ್ರಾಂ, ಅಂದರೆ ಕಾಲು ಲೀಟರ್ ಡಬ್ಬಿಯಲ್ಲಿ 75. ಎರಡು ಡಬ್ಬಿ, ಎರಡು ಚಾ ಸೇರಿ ಅವನು ಪ್ರಮಾಣವನ್ನ ಮುಟ್ಟಿಯೇ ಇದ್ದ. ಕೆಟ್ಟಿದ್ದು ಹೊತ್ತು, ನಿದ್ದೆ ಮತ್ತು ಹೊಟ್ಟೆ. ಶುದ್ಧ ಕೆಫೀನ್ ಪುಡಿಯನ್ನಂತೂ ಮುಟ್ಟಬೇಡ ಅಂತ ಫೋನಿನಲ್ಲೇ ಹೇಳಿದೆ. ಅದರಲ್ಲಿ ಚಮಚದ ಲೆಕ್ಕ ಒಂಚೂರು ತಪ್ಪಿದರೆ ಜೀವಕ್ಕೇ ಬರುತ್ತೆ, ಬೇರೆ ದೇಶಗಳಲ್ಲಿ ಹುಡುಗರು ಸತ್ತಿದ್ದಾರೆ.

ಇನ್ನೊಂದು ಪ್ರಯೋಗ ಇದೆ, ರಿವರ್ಸ್ ಇದ್ದಿದ್ದರೆ ಖುಷಿಪಡ್ತಿದ್ದ. 2006ರಲ್ಲಿ ಕ್ರಿಸ್ ಬೀಡಿ ಮತ್ತು ಸಂಗಡಿಗರು ಸೈಕಲ್ ಸ್ಪರ್ಧಿಗಳಿಗೆ ಕೆಫೀನ್ ಕೊಡ್ತೀವಿ ಅಂತ ಹೇಳಿ ಏನೂ ಇಲ್ಲದ ಮಾತ್ರೆ ಕೊಟ್ಟರು. ಹೆಚ್ಚು ಕೆಫೀನ್ ತಗೊಂಡಿದ್ದೀನಿ ಅಂತ ನಂಬಿದಾಗ 3.1% ಹೆಚ್ಚು ಬಲ, ಸ್ವಲ್ಪ ತಗೊಂಡಿದ್ದೀನಿ ಅಂತ ನಂಬಿದಾಗ 1.3% ಹೆಚ್ಚು, ಇದು ಖಾಲಿ ಮಾತ್ರೆ ಅಂತ ನಂಬಿದಾಗ 1.4% ಕಡಿಮೆ. ಕೊಟ್ಟಿದ್ದು ಮೂರೂ ಖಾಲಿ! ರಾಯನ ಎಳ್ಳೆಣ್ಣೆ ಮತ್ತೆ ನೆನಪಾಯ್ತು.

ಯುಗಾದಿಗೆ ಊರಿಗೆ ಹೋದಾಗ ನಾವೂ ಒಂದು ಪ್ರಯೋಗ ಮಾಡಿದೆವು. ಕಿರಾತಕಡ್ಡಿ, ಶುಂಠಿ, ಮೆಣಸು ಹಾಕಿ ಭಯಂಕರ ಕಹಿ ಕಷಾಯ ಕಾಯಿಸಿ ಎರಡು ಬಾಟಲಿಗೆ ತುಂಬಿಸಿದೆ. ನಮ್ಮಕ್ಕ ಒಳಗೆ ಹೋಗಿ ಒಂದಕ್ಕೆ ಮಾತ್ರ ಐದೂವರೆ ಗ್ರಾಂ ಕಾಫಿ ಪುಡಿ ಕಲಸಿ, ಯಾವುದು ಅಂತ ಚೀಟಿ ಬರೆದು ದೇವರ ಗೂಡಿನಲ್ಲಿಟ್ಟಳು. ನನಗೂ ಗೊತ್ತಿಲ್ಲ, ಹುಡುಗನಿಗೂ ಗೊತ್ತಿಲ್ಲ. ಮೊದಲ ದಿನ ಒಂದು ಬಾಟಲಿ ಕುಡಿದು ಮುಖ ಕಿವುಚಿಕೊಂಡು "ಇದರಾಗ ಐತಿ ಕಾಕಾ, ಎದಿ ಹೊಡ್ಕೊಳ್ಳಾಕ ಹತ್ತೈತಿ" ಅಂದ. ಒಂದು ತಾಸು ಬಿಟ್ಟು ಓಡಿದ. 6 ನಿಮಿಷ 24 ಸೆಕೆಂಡ್. ಎರಡು ದಿನ ಬಿಟ್ಟು ಇನ್ನೊಂದು ಬಾಟಲಿ. "ಇದು ಬರೇ ಕಷಾಯ" ಅಂತ ಬೇಜಾರಿನಲ್ಲೇ ಓಡಿದ. 6 ನಿಮಿಷ 23 ಸೆಕೆಂಡ್.

ಚೀಟಿ ತೆಗೆದು ನೋಡಿದರೆ ಕಾಫಿ ಇದ್ದದ್ದು ಎರಡನೇ ಬಾಟಲಿಯಲ್ಲಿ. ಒಂದು ಸೆಕೆಂಡ್ ಅಂದರೆ ನನ್ನ ಹೆಬ್ಬೆರಳು ಮೊಬೈಲ್ ಒತ್ತೋದರಲ್ಲಿ ಆದ ತಪ್ಪೇ ಇರಬಹುದು. ಹುಡುಗ ಚೀಟಿಯನ್ನ ಎರಡು ಸಲ ತಿರುಗಿಸಿ ನೋಡಿದ. ಆಮೇಲೆ, ಪರೀಕ್ಷೆಗೆ ಹೋಗುವಾಗ ಹಿಂದಿನ ದಿನವೇ ಹೋಗಿ ಯಾರ ಮನೆಯಲ್ಲಾದರೂ ಮಲಗೋಕೆ ಜಾಗ ಸಿಗುತ್ತಾ ಅಂತ ಕೇಳಿದ. ಅಲ್ಲೊಬ್ಬರು ಪರಿಚಯದವರಿದ್ದಾರೆ, ಫೋನ್ ಮಾಡಿಟ್ಟಿದ್ದೀನಿ.